ಕ್ಯಾನಿಗೆ ಸುರಿದ ಬಾವಿ ನೀರು

ಹೋದ ಬೇಸಿಗೆಯಲ್ಲಿ ನಾನೊಬ್ಬ ಹೆಣ್ಣುಮಗಳ ಸಂಶೋಧನೆ ಕೆಡಿಸಿದೆ. ನಾನು ಓದಿದ್ದು ಹತ್ತನೆಯ ತರಗತಿ. ವಯಸ್ಸಾದ ಮೇಲೂ ಕಮಲಾಪುರದಿಂದ ದಿನಾ ಬಸ್ಸಿಗೆ ಬಂದು, ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಅಟೆಂಡರ್ ಕೆಲಸ ಮಾಡುತ್ತಿದ್ದೆ.

ಆ ಹೆಣ್ಣುಮಗಳು, ಅಂದರೆ ನಮ್ಮ ಮೇಡಂ, ಅಲ್ಲಿ ಬೆವರು ಗ್ರಂಥಿಯ ಜೀವಕೋಶ ಬೆಳೆಸುತ್ತಿದ್ದರು. ಆಪರೇಷನ್ನಿನಲ್ಲಿ ತೆಗೆದ ಚರ್ಮದ ಚೂರನ್ನು ಒಬ್ಬ ರೋಗಿ ಒಪ್ಪಿ ಕೊಟ್ಟಿದ್ದರು. ಬೆವರಲು ಸೂಚನೆ ಬಂದಾಗ ಕೋಶ ತನ್ನೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಬಿಡುತ್ತದೆಯೋ, ಹೊರಗಿನದನ್ನು ಎಳೆದುಕೊಳ್ಳುತ್ತದೆಯೋ ಎಂಬುದು ಅವರ ಪ್ರಶ್ನೆ. ಅದಕ್ಕೆ ಕ್ಯಾಲ್ಸಿಯಂ ಇಲ್ಲದ ದ್ರಾವಣ ಬೇಕು. ದ್ರಾವಣಕ್ಕೆ ಬೇಕಾದ ಡಿಸ್ಟಿಲ್ಡ್ ನೀರನ್ನು, ಎಂದರೆ ಯಂತ್ರದಲ್ಲಿ ಆವಿ ಮಾಡಿ ಇಳಿಸಿದ ನೀರನ್ನು, ಕ್ಯಾನಿಗೆ ತುಂಬಿಡುವುದು ನನ್ನ ಕೆಲಸ.

ಕರೆಂಟ್ ಹೋಗಿ ಬಂದು ಯಂತ್ರ ಕೈಕೊಡುತ್ತಿತ್ತು. ಕ್ಯಾನ್ ಖಾಲಿಯಿದ್ದರೆ ಬೈಗುಳ. ಊರಿನ ಬೋರ್ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪದರು ಕಟ್ಟುತ್ತದೆ. ನಮ್ಮ ಬಾವಿ ನೀರು ಹಾಗಲ್ಲ, ಅದರಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ. ಬೇಳೆ ಬೇಯಿಸುವ ನೀರಿಗಿಂತ ಶುದ್ಧವಾದದ್ದು ಯಾವುದು ಎಂದುಕೊಂಡು, ಕುದಿಸಿ, ಸೋಸಿ ತಂದು ಕ್ಯಾನಿಗೆ ಸುರಿದೆ. ಆಮೇಲೆ ಅದೇ ರೂಢಿಯಾಯಿತು.

ಕೋಶದೊಳಗಿನ ಕ್ಯಾಲ್ಸಿಯಂ ತೋರಿಸುವ ಪರದೆಯ ಮೇಲಿನ ಗೆರೆ ಏರಿ, ಇಳಿಯಬೇಕಿತ್ತಂತೆ. ಏರಿದ್ದು ಇಳಿಯಲೇ ಇಲ್ಲ. ಮೇಡಂ ಔಷಧ ಬದಲಿಸಿದರು, ತಟ್ಟೆ ಬದಲಿಸಿದರು, ಊಟ ಬಿಟ್ಟರು.

“ಕಾಕಾ, ಈ ಗೆರಿ ಯಾಕ ಇಳಿವಲ್ದು?”

“ಬ್ಯಾಸಗಿ ಅಲ್ರೀ ಮೇಡಂ. ನಮ್ಮ ಬೆವರೇ ನಿಲ್ಲವಲ್ದು, ಅವುಗಳದು ಹ್ಯಾಂಗ ನಿಲ್ತದ?”

ನಕ್ಕರು. ಮತ್ತೆ ತಾವೇ ಅಂದರು: “ಹೊರಗ ಕ್ಯಾಲ್ಸಿಯಂ ಇದ್ರ ಹಿಂಗಾಗ್ತದ. ಬಾವಿ, ಬೋರ್ ಎಲ್ಲಾ ನೀರಾಗೂ ಅದು ಇರ್ತದ. ನಂದು ಡಿಸ್ಟಿಲ್ಡ್ ಅದ, ಮತ್ತ ಎಲ್ಲಿಂದ ಬರಾಕತ್ತದ?”

ನಾನು ಸುರಿದ ನೀರಿನಿಂದಲೇ ಎಂದು ಗೊತ್ತಾಯಿತು. ಆಗಲೇ ಹೇಳಬೇಕಿತ್ತು. ಕೆಲಸ ಹೋಗುತ್ತದೆಂದು ಬಾಯಿ ಬಿಡಲಿಲ್ಲ. ಮರುದಿನದಿಂದ ಗುಟ್ಟಾಗಿ ಡಿಸ್ಟಿಲ್ಡ್ ನೀರಿಗೆ ಬದಲಿಸಿದರಾಯಿತು ಎಂದುಕೊಂಡೆ. ಆದರೆ ಯಂತ್ರ ಪೂರಾ ಕೆಟ್ಟಿತ್ತು, ಕ್ಯಾನ್ ಖಾಲಿ ಬಿಡುವ ಧೈರ್ಯ ನನಗಿರಲಿಲ್ಲ. ಮತ್ತೆ ಬಾವಿ ನೀರನ್ನೇ ಸುರಿದೆ.

ದಿನ ಕಳೆದಂತೆ ಕೋಶಗಳು ಮುದಿಯಾಗಿ ಬೆಳೆಯುವುದನ್ನು ನಿಲ್ಲಿಸಿದವು. ಕೊನೆಯ ತಟ್ಟೆಯೂ ಮುಗಿದ ದಿನ ಮೇಡಂ ಅದನ್ನು ನನ್ನ ಕೈಗೆ ಕೊಟ್ಟರು.

“ನನ್ನ ಕೈಯೇ ಸರಿ ಇಲ್ರೀ ಕಾಕಾ.”

ಆ ಮಾತು ತಡೆಯಲಾಗಲಿಲ್ಲ. “ನಿಮ್ಮ ಕೈ ಅಲ್ರೀ ತಾಯಿ. ಕ್ಯಾನಿನಾಗ ನಮ್ಮ ಬಾವಿ ನೀರು ಹಾಕೀನಿ.”

ಅವರು ಕ್ಯಾನಿನ ಮುಚ್ಚಳ ತೆಗೆದು ನೋಡಿದರು. “ಕೇಳಿದಾಗಾರ ಹೇಳಬಾರದೇನ್ರೀ? ಆವಾಗ ಕೋಶ ಇನ್ನಾ ಇದ್ವು.”

ಹೊಸ ಚರ್ಮ ಸಿಗಲಿಲ್ಲ. ಆ ಭಾಗವನ್ನು ಬಿಟ್ಟೇ ಅವರು ಪ್ರಬಂಧ ಒಪ್ಪಿಸಿದರು. ಕ್ಯಾಲ್ಸಿಯಂ ಒಳಗಿನದೋ ಹೊರಗಿನದೋ, ಅವರಿಗೆ ಈಗಲೂ ಗೊತ್ತಿಲ್ಲ.