ಬೇಸ್ ಗಿಟಾರಿನ ಆಚಾರ್ರು

ವೇದಿಕೆಯ ಮೇಲೆ ನನ್ನ ಮೈಕನ್ನು ನನಗಿಂತ ಮೊದಲು ಗುರುರಾಜಾಚಾರ್ರು ಮುಟ್ಟಬೇಕಿತ್ತು. ಎಡಗೈಯಲ್ಲಿ ತಮ್ಮ ಬೇಸ್ ಗಿಟಾರಿನ ತಂತಿಗಳನ್ನು ಹಿಡಿದುಕೊಂಡು, ಬಲಗೈಯ ಹಿಂಬದಿಯನ್ನು ಮೈಕಿನ ಜಾಲರಿಗೆ ಮೆಲ್ಲಗೆ ತಾಗಿಸುತ್ತಿದ್ದರು. ಏನೂ ಆಗದಿದ್ದರೆ ಉಸಿರು ಬಿಟ್ಟು, "ಏನಿಲ್ಲ, ಹಾಡವಾ" ಎನ್ನುತ್ತಿದ್ದರು. ಅಂಗೈಯಿಂದ ಯಾಕೆ ಮುಟ್ಟುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಅಂಗೈಗೆ ಕರೆಂಟ್ ಹೊಡದ್ರ ಬೆರಳು ಮುಚ್ಚಿಕೊಂಡು ಬಿಡ್ತಾವ, ಮೈಕ್ ಬಿಡ್ಲಿಕ್ಕೇ ಬರಂಗಿಲ್ಲ. ಹಿಂಗೈ ಆದ್ರ ತಾನ ಹಿಂದಕ್ಕ ಹಾರತದ" ಎಂದರು. ಇಷ್ಟು ಕೇಳಿದ ಮೇಲೆ ನನ್ನ ಹೆದರಿಕೆ ಇಮ್ಮಡಿಯಾಯಿತು.

ಹೆದರಿಕೆ ಮೊದಲೇ ಇತ್ತು. ನಾನು ಬಳ್ಳಾರಿಯ ಕೌಲ್ ಬಜಾರಿನವಳು. ಹಗಲು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೆ, ಕರೆದ ದಿನ ಶೇಖರ್ ಎಂಬುವವರ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಆರಂಭದ ದಿನಗಳಲ್ಲಿ ಕುರುಗೋಡಿನ ಒಂದು ಕಾರ್ಯಕ್ರಮದಲ್ಲಿ ಮೈಕಿಗೆ ತುಟಿ ತಾಗಿದ್ದೇ ತಡ, ಕರೆಂಟು ಹೊಡೆದು ಹಿಂದಕ್ಕೆ ಬಿದ್ದೆ. ಜನ ನಕ್ಕರು. ಶೇಖರಣ್ಣ ಕೂಡ ನಕ್ಕು, "ಏಮಮ್ಮಾ ರಜಿಯಾ, ಇಷ್ಟಕ್ಕ ಬಿದ್ದಿಯಾ?" ಎಂದರು. ಅಂದಿನಿಂದ ಮೈಕ್ ಕಂಡರೆ ಒಂದು ಹೆಜ್ಜೆ ಹಿಂದೆಯೇ ನಿಲ್ಲುತ್ತಿದ್ದೆ. ನಗದೆ ನಿಂತಿದ್ದವರು ಆಚಾರ್ರೊಬ್ಬರೇ. ಮುಂದಿನ ಕಾರ್ಯಕ್ರಮದಿಂದ ಯಾರೂ ಹೇಳದೆಯೇ ಈ ಮುಟ್ಟುವ ಕೆಲಸವನ್ನು ಅವರು ಮೈಮೇಲೆ ಹಾಕಿಕೊಂಡರು. ಅವರು "ಹಾಡವಾ" ಎಂದರೆ ಮಾತ್ರ ನಾನು ಮುಂದೆ ಬಂದು ಮೈಕ್ ಹಿಡಿಯುತ್ತಿದ್ದೆ.

ಅವರು ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು. ಹಣೆಯಲ್ಲಿ ಅಂಗಾರ, ಅಕ್ಷತೆ; ಹೆಗಲಲ್ಲಿ ತಮ್ಮ ಎದೆಮಟ್ಟಕ್ಕೆ ಬರುವ ಗಿಟಾರು. ವೇದಿಕೆ ಹತ್ತಿದರೆ ಹೊಸ ಊರಿನ ಜನ ಗಣಪತಿ ಪೂಜೆಗೆ ಬಂದ ಐನೋರೆಂದೇ ತಿಳಿಯುತ್ತಿದ್ದರು. ಒಂದು ಕಡೆ ಯಾರೋ ತೆಂಗಿನಕಾಯಿ ತಂದು ಕೈಗೆ ಕೊಟ್ಟಿದ್ದೂ ಉಂಟು. ಗುಂತಕಲ್ಲಿನಲ್ಲಿ ರೈಲ್ವೆ ಗಾರ್ಡೊಬ್ಬ ಊರು ಬಿಡುವಾಗ ಆ ಗಿಟಾರನ್ನು ಅವರಿಗೆ ಮಾರಿ, ನಾಲ್ಕು ಪಾಠವನ್ನೂ ಹೇಳಿಕೊಟ್ಟು ಹೋಗಿದ್ದನಂತೆ. ಹಾಡಿನ ತಳದಲ್ಲಿ ಗುಂಯ್ಗುಡುವ ಇದನ್ನು ಬಿಟ್ಟು ಬೇರೆ ವಾದ್ಯ ಸಿಗಲಿಲ್ಲವೇ ಎಂದರೆ, "ಮ್ಯಾಲ ಹಾರಾಡವ್ರು ಭಾಳ ಮಂದಿ ಇದ್ದಾರವಾ. ಕೆಳಗ ಹಿಡಕೊಂಡು ನಿಲ್ಲವ್ರು ಒಬ್ರು ಬೇಕಲ್ಲ?" ಎನ್ನುತ್ತಿದ್ದರು.

ಆ ಗಿಟಾರಿನ ಚಿಂತೆ ಅವರಿಗೆ ಹಗಲಿರುಳೂ ಇತ್ತು. ಆಗ ಗಣಿಯ ಕಾಲ. ಊರೊಳಗೆ, ಊರ ಹೊರಗೆ ಅದಿರಿನ ಲಾರಿಗಳು. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಆ ಧೂಳು ಗಿಟಾರಿನ ಗುಂಡಿಯೊಳಗೆ ಹೊಕ್ಕು, ಸದ್ದು ಏರಿಸಿದರೆ ಕರಕರ ಎನ್ನುತ್ತಿತ್ತು. ಲಾರಿಗಳಿಗೆ ತಾಡಪಾಲು ಹೊಲಿಯುವ ನಮ್ಮ ಅಬ್ಬಾನ ಹತ್ತಿರ ಬಂದು, ಗಿಟಾರನ್ನು ಚಾಪೆಯ ಮೇಲೆ ಮಲಗಿಸಿ ಅಳತೆ ಕೊಟ್ಟು ಚೀಲ ಹೊಲಿಸಿಕೊಂಡರು. ಅಬ್ಬಾ, "ಆಚಾರ್ರೇ, ಮಗಳ ಮದುವಿ ಬಟ್ಟಿಗೂ ನೀವು ಇಷ್ಟು ಅಳತಿ ಕೊಡಂಗಿಲ್ಲ ಬಿಡ್ರಿ" ಎಂದು ರೇಗಿಸಿದ. ಬೇಸಿಗೆಯ ಝಳಕ್ಕೆ ಗಿಟಾರಿನ ಕತ್ತು ಬಾಗುತ್ತದೆಂದು ಅದನ್ನು ನಡುಮನೆಯ ಮಂಚದ ಮೇಲೆ ಮಲಗಿಸಿ ತಾವು ಕೆಳಗೆ ಮಲಗುತ್ತಿದ್ದರು. ಕರೆಂಟಿನ ಏರಿಳಿತಕ್ಕೆ ಆಂಪ್ಲಿಫೈಯರ್ ಸುಟ್ಟೀತೆಂಬ ಭಯ ಬೇರೆ. "ಕುಡತಿನ್ಯಾಗ ಹುಟ್ಟೋ ಕರೆಂಟು ನಮ್ಮ ಮನಿಗೆ ಬರೋದ್ರಾಗ ಮುದುಕ ಆಗಿರ್ತದ" ಎಂದು ಗೊಣಗುತ್ತಿದ್ದರು.

ದಪ್ಪ ತಂತಿಗಳು ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ಹಳೆಯ ತಂತಿ ಸತ್ತು ಮಂಕಾದರೆ ಬಿಚ್ಚಿ ನೀರಿನಲ್ಲಿ ಕುದಿಸುವುದು ಬೇಸ್ ನುಡಿಸುವವರ ರೂಢಿ. ಸುತ್ತಿನಲ್ಲಿ ಕೂತ ಕೊಳೆ ಬಿಟ್ಟು ತಂತಿ ಮತ್ತೆ ಬಾಯಿ ಬಿಡುತ್ತದೆ. ಆದರೆ ಅವರ ತಾಯಿಯದು ಕಟ್ಟುನಿಟ್ಟಿನ ಮಡಿ. ಯಾರ್ಯಾರೋ ಮುಟ್ಟಿದ ತಂತಿಯನ್ನು ಒಲೆಯ ಮೇಲೆ ಇಡುವುದುಂಟೆ? ಹೀಗಾಗಿ ಆಚಾರ್ರು ತಂತಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ನಮ್ಮ ಓಣಿಯ ಖಾಸಿಂ ಚಾಚಾನ ಚಹಾದಂಗಡಿಗೆ ಬರುತ್ತಿದ್ದರು. ಚಾಚಾ ಹಳೆಯ ಪಾತೇಲಿಯೊಂದನ್ನು ಅವರಿಗೆಂದೇ ತೆಗೆದಿಟ್ಟಿದ್ದ. ನೀರು ಕುದ್ದು ಕೆಂಪಗೆ ಬಣ್ಣ ತಿರುಗುತ್ತಿತ್ತು. ಹೊಸ ಗಿರಾಕಿಗಳು ಇಣುಕಿ ನೋಡಿದರೆ ಚಾಚಾ, "ಅದು ಆಚಾರ್ರ ಸಾರು. ನಿಮಗಲ್ಲ, ಆ ಕಡಿ ಕುಂದರ್ರಿ" ಎನ್ನುತ್ತಿದ್ದ. ಆಚಾರ್ರು ಮಾತ್ರ ನಗುತ್ತಿರಲಿಲ್ಲ. ತುಸು ಹೆಚ್ಚು ಕುದ್ದರೆ ತುಂಡಾದೀತೋ ಎಂದು ಪಾತೇಲಿಯ ಮೇಲಿನ ಕಣ್ಣು ಕೀಳುತ್ತಿರಲಿಲ್ಲ.

ಗಣಿ ದುಡ್ಡು ಊರಿಗೆ ಬಂದಂತೆ ನಮಗೂ ಕಾರ್ಯಕ್ರಮಗಳು ಹೆಚ್ಚಿದವು. ಮಗುವಿಗೆ ಹಲ್ಲು ಬಂದರೂ ಆರ್ಕೆಸ್ಟ್ರಾ, ಮನೆಗೆ ಹೊಸ ಕಾರು ಬಂದರೂ ಆರ್ಕೆಸ್ಟ್ರಾ. ಶೇಖರಣ್ಣ ದೊಡ್ಡ ಕೀಬೋರ್ಡ್ ಕೊಂಡರು. ಅದರ ಒಂದು ಗುಂಡಿ ಒತ್ತಿದರೆ ಡ್ರಮ್ಮು, ಇನ್ನೊಂದು ಒತ್ತಿದರೆ ಬೇಸು. ಅದನ್ನು ಕೇಳಿದ ದಿನ ಆಚಾರ್ರ ಮುಖ ಸಣ್ಣಗಾಯಿತು. ಆಮೇಲೆ ಪ್ರತಿ ಕಾರ್ಯಕ್ರಮ ಮುಗಿದಾಗಲೂ ನಮ್ಮನ್ನು, ಶಾಮಿಯಾನದವರನ್ನು, ಕಡೆಗೆ ಆಟೋದವನನ್ನೂ ಕೇಳಲು ಶುರುಮಾಡಿದರು: "ಬೇಸ್ ಕೇಳಿಸ್ತೇನ್ರಿ?" ಅದು ಯಾವುದೆಂದೇ ಗೊತ್ತಿಲ್ಲದ ಆಟೋದವನು, "ಕೇಳಿಸ್ತು ಬಿಡ್ರಿ ಸ್ವಾಮಿ, ಕುಂದರ್ರಿ" ಎಂದರೆ ಅವರಿಗೆ ಅಷ್ಟೇ ಸಮಾಧಾನ. ನನಗೂ ಒಳಗೊಳಗೇ ದಿಗಿಲು. ಇವರನ್ನು ಬಿಟ್ಟರೆ ನನ್ನ ಮೈಕನ್ನು ಮುಟ್ಟುವವರು ಯಾರು?

ಆ ದಿನ ಬಂದಿದ್ದು ಸಿರುಗುಪ್ಪದಲ್ಲಿ. ಅದಿರು ಸಾಗಿಸುವ ಗುತ್ತಿಗೆದಾರರೊಬ್ಬರ ಮಗನ ಹುಟ್ಟುಹಬ್ಬ, ಭತ್ತದ ಮಿಲ್ಲಿನ ಅಂಗಳದಲ್ಲಿ. ಜನ ತುಂಬಿದ್ದರು. ಆಚಾರ್ರು ಹಿಂಗೈ ತಾಗಿಸಿದವರೇ ಚುರುಕ್ಕನೆ ಹಿಂದೆ ಸರಿದು, "ಅರ್ಥಿಂಗ್ ಇಲ್ಲ! ರಜಿಯಾ, ದೂರ ನಿಂದ್ರು!" ಎಂದು ಕೂಗಿದರು. ಜನರೇಟರಿನವನು ಬಂದು, "ಸ್ವಲ್ಪ ಲೀಕೇಜ್ ಅಷ್ಟ ರೀ, ಇದರಿಂದ ಯಾರೂ ಸಾಯಂಗಿಲ್ಲ" ಎಂದ. ಆಚಾರ್ರು ಕೇಳಲಿಲ್ಲ. ಅವನಿಂದಲೇ ಕಬ್ಬಿಣದ ಸಲಾಕೆ ಇಸಿದುಕೊಂಡು ಅಂಗಳದ ಮೂಲೆಯಲ್ಲಿ ನೆಲಕ್ಕೆ ಬಡಿದರು. ಒಣ ಮಣ್ಣಿಗೆ ಕರೆಂಟು ಇಳಿಯದು, ನೀರು ಬೇಕು. ಹತ್ತಿರದಲ್ಲಿ ಇದ್ದದ್ದು ಅತಿಥಿಗಳಿಗೆ ತರಿಸಿದ್ದ ಬಾಟಲಿ ನೀರು. ಅದನ್ನೇ ಒಂದೊಂದಾಗಿ ಮುಚ್ಚಳ ತಿರುವಿ ಸಲಾಕೆಯ ಬುಡಕ್ಕೆ ಸುರಿದರು. ಅಡುಗೆಯವರ ಹತ್ತಿರ ಓಡಿ ಉಪ್ಪು ತಂದು ಹಾಕಿದರು. ಪಂಚೆಯೆಲ್ಲ ಕೆಸರು. ಗುತ್ತಿಗೆದಾರರ ಕಡೆಯವನೊಬ್ಬ, "ಯಾರ್ಲೇ ಈ ಐನೋರು? ಕುಡಿಯೋ ನೀರು ಮಣ್ಣಿಗೆ ಹಾಕಾಕತ್ಯಾನ!" ಎಂದು ಮೈಮೇಲೆ ಬಂದ. ಶೇಖರಣ್ಣ ಅವನ ಕೈಕಾಲು ಹಿಡಿಯಬೇಕಾಯಿತು.

ಜನರೇಟರಿನ ತಂತಿಯನ್ನು ಸಲಾಕೆಗೆ ಬಿಗಿದಾದ ಮೇಲೆ ಆಚಾರ್ರು ಇನ್ನೊಮ್ಮೆ ಹಿಂಗೈ ತಾಗಿಸಿ, "ಹಾಡವಾ" ಎಂದರು. ಹಾಡಿದೆ. ಏನೂ ಆಗಲಿಲ್ಲ. ಅವರು ತಡೆಯದಿದ್ದರೆ ಏನಾದರೂ ಆಗುತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸಾಮಾನು ಕಟ್ಟುವಾಗ ಶೇಖರಣ್ಣ ಆಚಾರ್ರ ಮುಖ ನೋಡದೆಯೇ, "ಆಚಾರಿಗಾರೂ, ಬೇಸು ಕೀಬೋರ್ಡಿನಾಗ ಐತಿ. ಇನ್ನ ನೀವು ತ್ರಾಸ ತಗೋಬ್ಯಾಡ್ರಿ" ಎಂದುಬಿಟ್ಟರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಆಚಾರ್ ಕಾಕಾ ಬರದಿದ್ರ ನಾನೂ ಬರಂಗಿಲ್ಲ" ಎಂದೆ. "ಹಾಡೋ ಹುಡುಗ್ಯಾರು ಬೇಕಾದಷ್ಟು ಮಂದಿ ಅದಾರ" ಎಂದರು ಶೇಖರಣ್ಣ. ಮಾರನೆಯ ದಿನ ಆಚಾರ್ರ ಮನೆಗೆ ಹೋಗಿ, ನಿಮಗಾಗಿ ಹಾಡುವುದನ್ನೇ ಬಿಟ್ಟೆ ಎಂದು ಹೆಮ್ಮೆಯಿಂದ ಹೇಳಿದೆ. ಅವರು ಸಂತೋಷಪಡಲಿಲ್ಲ, ಕೆಂಡವಾದರು. "ಹುಚ್ಚಿ! ಯಾರಿಗೂ ಕೇಳಿಸದ ಬೇಸಿನ ಸಲುವಾಗಿ ಎಲ್ಲಾರಿಗೂ ಕೇಳಿಸೋ ದನಿ ಕಳಕೋತಿಯೇನು? ಹೋಗು, ಶೇಖರಗ ಬರ್ತೀನಂತ ಹೇಳು." ಹೇಳುವುದಿಲ್ಲ ಎಂದು ಹಟ ಹಿಡಿದು ಬಂದೆ. ಇವರು ಒಮ್ಮೆ ಹೋಗಿ ಕೇಳಿಕೊಂಡರೆ ಶೇಖರಣ್ಣ ಕರಗುತ್ತಾರೆ, ಮತ್ತೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ ಎಂಬುದು ನನ್ನ ಲೆಕ್ಕ.

ಒಂದು ವಾರದ ಮೇಲೆ ಶೇಖರಣ್ಣನೇ ನಮ್ಮ ಮನೆ ಬಾಗಿಲಿಗೆ ಬಂದರು. ತಲೆ ತಗ್ಗಿಸಿದ್ದರು. "ಆಚಾರ್ರು ಗುಂತಕಲ್ಲಿಗೆ ಹೋಗಿ ಗಿಟಾರ್ ಮಾರಿ ಬಂದಾರಮ್ಮ. ‘ಇನ್ನ ನನ್ನ ಸಲುವಾಗಿ ಕಾಯಾಕ ರಜಿಯಾಗ ಏನೂ ಉಳದಿಲ್ಲ, ಕರಕೊಂಡು ಹೋಗು’ ಅಂದ್ರು" ಎಂದರು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಜೋರಾಗಿ ಅತ್ತೆ.

ಮತ್ತೆ ಹಾಡಲು ಹೋದೆ, ಹೆದರುತ್ತಲೇ ಹೋದೆ. ಆಚಾರ್ರು ಹೇಳಿದಂತೆ ಮೈಕಿಗೆ ದಪ್ಪ ಸ್ಪಂಜಿನ ಟೊಪ್ಪಿಗೆ, ಮಿರಿಮಿರಿ ಸೀರೆಯ ಕೆಳಗೆ ರಬ್ಬರಿನ ಹವಾಯಿ ಚಪ್ಪಲಿ. ಕೇಳಲು ಬನ್ನಿರೆಂದು ಎಷ್ಟು ಕರೆದರೂ ಅವರು ಬರಲಿಲ್ಲ. ಬೇಜಾರಾಗಿ ಜಗಳಕ್ಕೇ ಹೋದೆ. "ನೀ ಮೈಕ್ ಹಿಡಿಯೋದನ್ನ ಕೆಳಗ ಕೂತು ನೋಡ್ಲಿಕ್ಕೆ ನನಗ ಧೈರ್ಯ ಇಲ್ಲವಾ" ಎಂದರು. ಅದರ ಬದಲು, ಕಾರ್ಯಕ್ರಮ ಮುಗಿದು ನಾನು ಮನೆ ಸೇರುವ ಹೊತ್ತನ್ನು ಅಂದಾಜು ಮಾಡಿ ಫೋನ್ ಮಾಡುತ್ತಿದ್ದರು. ಚಂದ ಆಯಿತೇ, ಜನ ಬಂದಿದ್ದರೇ, ಒಂದೂ ಇಲ್ಲ. "ಮನಿ ಮುಟ್ಟಿದ್ಯೇನವಾ?" "ಮುಟ್ಟೀನಿ ಕಾಕಾ." ಅಷ್ಟೇ, ಇಟ್ಟುಬಿಡುತ್ತಿದ್ದರು. ವರ್ಷಗಟ್ಟಲೆ ಹೀಗೆ ನಡೆಯಿತು.

ಒಂದು ಸಲ ಕುರುಗೋಡಿನಲ್ಲಿ ಮಧ್ಯಾಹ್ನದ ಮದುವೆ ಮುಗಿಸಿಕೊಂಡು ಬಳ್ಳಾರಿಗೆ ಹೊರಟಿದ್ದೆ. ಮುಂದೆಲ್ಲೋ ಒಂದು ಲಾರಿ ಕೆಟ್ಟು, ಅದರ ಹಿಂದೆ ಅದಿರು ಲಾರಿಗಳ ಸಾಲು, ಅದರ ಹಿಂದೆ ನಮ್ಮ ಬಸ್ಸು. ಹೊತ್ತು ಇಳಿಯುತ್ತಿತ್ತು. ನಾನು ಮನೆ ಸೇರಬೇಕಿದ್ದ ಸಮಯ ದಾಟಿಹೋಗಿತ್ತು, ಫೋನ್ ಬಂದಿರಲಿಲ್ಲ. ತಡೆಯಲಾಗದೆ ನಾನೇ ಮಾಡಿದೆ. ಎತ್ತಿದವರು ಅವರ ಹೆಂಡತಿ ಕಾಕು.

"ಆಸ್ಪತ್ರ್ಯಾಗಿದ್ದೀವಿ ರಜಿಯಾ. ಮುಂಜಾನೆ ಲಕ್ವಾ ಹೊಡೀತು, ಮಾತು ನಿಂತದ. ಮಧ್ಯಾಹ್ನದಿಂದ ಫೋನ್ ಕೈಯಾಗ ಹಿಡಕೊಂಡು ಒದ್ದಾಡ್ಲಿಕತ್ತಾರ. ಈಗ ಬಿಡಿಸಿಕೊಂಡು ಮಾತಾಡ್ಲಿಕತ್ತೀನಿ. ನನ್ನ ಮುಖಾನೇ ನೋಡ್ಲಿಕತ್ತಾರವಾ. ಮನಿ ಮುಟ್ಟಿದ್ಯಾ?"

ಕಿಟಕಿಯಾಚೆ ಲಾರಿಗಳು ಅಲುಗಾಡದೆ ನಿಂತಿದ್ದವು.

"ಮುಟ್ಟೀನಿ ಕಾಕು" ಎಂದೆ. "ಯಾವಾಗೋ ಮುಟ್ಟ್ಯಾಳಂತ ಹೇಳ್ರಿ."