ಪಂಜರದ ಕುಸ್ತಿಗೆ ಡಂಗುರ ಸಾರುವ ಗೌರೀಶಣ್ಣ

ಗೌರೀಶಣ್ಣನನ್ನು ನಾನು ಮೊದಲು ನೋಡಿದ್ದು ಒಂದು ಭಾನುವಾರ ಮುಂಜಾನೆ, ಗಂಗಾವತಿಯ ಅಕ್ಕಿ ಗಿರಣಿಗಳ ಸಾಲು ಮುಗಿಯುವಲ್ಲಿ ಇರುವ ಬೇವಿನ ಮರದ ಕೆಳಗೆ. ಆಗ ನಾನು ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಪ್ರವೇಶದ ದಿನಗಳು. ಹಳ್ಳಿಗಳಲ್ಲಿ ಮೈಕಿನಲ್ಲಿ ಸಾರಲು ನಾಲ್ಕು ಸಾಲು ಬರೆದು ಪ್ರಚಾರದ ಆಟೋದವನಿಗೆ ಕೊಟ್ಟು ಬಾ ಎಂದು ಪ್ರಿನ್ಸಿಪಾಲರು ಕಳಿಸಿದ್ದರು.

ಆಟೋದ ತಲೆಯ ಮೇಲೆ ಎರಡು ಧ್ವನಿವರ್ಧಕದ ಕಹಳೆಗಳು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಎರಡೂ ಬದಿಗೆ ಹರಿದು ಉಳಿದ ಪೋಸ್ಟರುಗಳ ಚೂರು. ಒಳಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ, ಹೊಟ್ಟೆ ಮುಂದೆ ಬಂದ, ನಲವತ್ತರ ಆಸುಪಾಸಿನ ಮನುಷ್ಯ. ಹ್ಯಾಂಡಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಮೊಬೈಲಿನ ಮೇಲೆ ಅವನ ಕಣ್ಣು ನೆಟ್ಟಿತ್ತು. ನಾನು ನಮಸ್ಕಾರ ಎಂದಾಗ ತಿರುಗಿ ನೋಡದೆ ಅಂಗೈ ಎತ್ತಿದ.

"ಸರ, ಒಂದ್ ಐದು ನಿಮಿಷ ನಿಂದ್ರಿ. ಕಡೀ ರೌಂಡ್ ನಡದೈತಿ."

ಬಾಗಿ ನೋಡಿದೆ. ಬಲೆ ಸುತ್ತಿದ ಒಂದು ಪಂಜರದೊಳಗೆ ಇಬ್ಬರು ಗಂಡಸರು. ಒಬ್ಬ ಕೆಳಗೆ, ಒಬ್ಬ ಅವನ ಎದೆಯ ಮೇಲೆ ಕುಳಿತು ಮೊಣಕೈಯಿಂದ ಜಜ್ಜುತ್ತಿದ್ದ. ಗುದ್ದು, ಒದೆತ, ಕುಸ್ತಿ ಮೂರೂ ಸೇರಿದ ಆ ಆಟಕ್ಕೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎನ್ನುತ್ತಾರೆ, ನಮ್ಮ ಕಡೆಯ ಜನ ಪಂಜರದ ಕುಸ್ತಿ ಎನ್ನುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಗಂಟೆ ಹೊಡೆಯಿತು. ತೀರ್ಪು ಬಂತು. ಗೌರೀಶಣ್ಣ ಉಸಿರು ಬಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡ.

"ನೀವ ಹೇಳ್ರಿ ಸರ, ಎರಡನೇ ರೌಂಡ್ ಯಾರದಿತ್ತು?"

"ನಾನು ನೋಡಿಲ್ಲರೀ."

"ಹಂಗಾರ ನೀವೂ ಜಡ್ಜ್ ಆಗಾಕ ಲಾಯಕ್ಕದೀರಿ. ಅವ್ರೂ ನೋಡಿಲ್ಲ."

ನಂತರ ನನ್ನ ಕೈಯಿಂದ ಚೀಟಿ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಮೈಕ್ ಇಲ್ಲದೆಯೇ ಓದಿದ. ಎದುರಿನ ಗಿರಣಿಯ ಹಮಾಲರು ತಿರುಗಿ ನೋಡುವಂಥ ದನಿ. 'ಜಿಲ್ಲೆಗೇ ನಂಬರ್ ಒನ್ ಕಾಲೇಜು' ಎಂಬಲ್ಲಿ ನಿಲ್ಲಿಸಿದ.

"ಹೌದೇನ್ರಿ ಇದು?"

"ಪ್ರಿನ್ಸಿಪಾಲರು ಬರಿ ಅಂದ್ರು."

"ಹಂಗಾರ 'ಪ್ರಿನ್ಸಿಪಾಲರು ಅಂದಾರ' ಅಂತ ಸೇರಸ್ಲ್ಯಾ?"

ಇಬ್ಬರೂ ನಕ್ಕೆವು. ಆ ಸಾಲನ್ನು ಹೊಡೆದು ಹಾಕಿ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇದೆ, ಬಸ್ಸು ಗೇಟಿನ ಮುಂದೆಯೇ ನಿಲ್ಲುತ್ತದೆ ಎಂದು ಬರೆದೆವು. ಅಂದಿನಿಂದ ನಾನು ಭಾನುವಾರದ ಬೇವಿನ ಮರದ ಗಿರಾಕಿಯಾದೆ. ಅಮೆರಿಕದಲ್ಲಿ ಶನಿವಾರ ರಾತ್ರಿ ನಡೆಯುವ ಪಂದ್ಯ ನಮಗೆ ಭಾನುವಾರ ಮುಂಜಾನೆ ಸಿಗುತ್ತದೆ. ಮುಖ್ಯ ಪಂದ್ಯ ಮುಗಿಯುವವರೆಗೆ ಸೀರೆ ಅಂಗಡಿಯವರು ಕರೆದರೂ, ಸರ್ಕಸ್ಸಿನವರು ಕರೆದರೂ ಅವನು ಗಾಡಿ ಎತ್ತುವುದಿಲ್ಲ.

ಗೌರೀಶಣ್ಣ ಹುಟ್ಟಿದ್ದು ಯಲಬುರ್ಗಾ ಕಡೆಯ ಎರೆಹೊಲದ ಹಳ್ಳಿಯಲ್ಲಿ. ಏಳನೇ ತರಗತಿಯ ನಂತರ ಒಂದು ಮೈಕ್ ಸೆಟ್ ಅಂಗಡಿಯಲ್ಲಿ ವೈರು ಸುತ್ತುವ ಕೆಲಸಕ್ಕೆ ಸೇರಿದ. ಒಂದು ದಿನ ಸಾರುವವನಿಗೆ ಗಂಟಲು ಕಟ್ಟಿತು, ಇವನ ಕೈಗೆ ಮೈಕ್ ಬಂತು, ಮತ್ತೆ ಬಿಡಲಿಲ್ಲ. ಮದುವೆಯಾದ ಮೇಲೆ ಗಂಗಾವತಿಗೆ ಬಂದು ಸ್ವಂತ ಆಟೋ ಮಾಡಿಕೊಂಡ. ಹೆಂಡತಿ ಸುನಿತಾ ಅಂಗನವಾಡಿಯಲ್ಲಿ ಸಹಾಯಕಿ. ಅವಳು ಮೊದಲ ಸಲ ನನಗೆ ಚಹಾ ಕೊಡುವಾಗ ಹೇಳಿದ್ದು ಇದು: "ಮೊಬೈಲ್ನ್ಯಾಗ ರಗತ ಹರಿಯಾದು ನೋಡ್ಕೋತ ಕುಂದರ್ತಾರ್ರಿ. ಮನ್ಯಾಗ ಹಲ್ಲಿ ಬಿದ್ದರ ಮೊದಲು ಕುರ್ಚಿ ಏರಾವ್ರು ಇವ್ರು."

"ಹಲ್ಲಿಗೆ ವೇಟ್ ಕ್ಲಾಸ್ ಇಲ್ಲಲೇ, ತೂಕ ನೋಡಿ ಜೋಡಿ ಹಚ್ಚಾಕ," ಎಂದ ಗೌರೀಶಣ್ಣ.

ಅವನಿಗೆ ಆ ಆಟದ ಹುಚ್ಚು ಹಿಡಿದದ್ದು ಹೊಡೆದಾಟಗಾರರಿಂದಲ್ಲ. ಒಂದು ಮಳೆಗಾಲದಲ್ಲಿ ಕೆಲಸವಿಲ್ಲದೆ ಮೊಬೈಲ್ ನೋಡುತ್ತಿದ್ದಾಗ, ಪಂಜರದ ನಡುವೆ ಕೋಟು ತೊಟ್ಟ ಒಬ್ಬ ಮನುಷ್ಯ ಮೈಕ್ ಹಿಡಿದು ಇಬ್ಬರ ಹೆಸರು, ಊರು, ತೂಕ ಕೂಗಿದ್ದನ್ನೂ ಆ ಕೂಗಿಗೆ ಸಾವಿರಾರು ಜನ ಎದ್ದು ನಿಂತದ್ದನ್ನೂ ಕಂಡ. "ನಮ್ಮ ಕಸಬಿನಾವ ನೋಡ್ರಿ ಅವ," ಎಂದು ನನಗೆ ಹೇಳಿದ. ನಮ್ಮ ಜಿಲ್ಲೆಯಲ್ಲಿ ಅಂಥದೊಂದು ಪಂದ್ಯ ಆಗಬೇಕು, ಪಂಜರದ ನಡುವೆ ನಿಂತು ಕನ್ನಡದಲ್ಲಿ ಆ ಕೂಗು ತಾನು ಹಾಕಬೇಕು ಎಂಬುದು ಅವನ ಆಸೆಯಾಗಿತ್ತು.

ಸಾರುವ ಕಸಬಿನವನಾದ್ದರಿಂದ ಅವನ ತಕರಾರೆಲ್ಲ ಸಾರುವ ರೀತಿಯ ಮೇಲೆಯೇ. ದೊಡ್ಡ ಕಂಪನಿಗಳು ಎರಡು ತಿಂಗಳಿಗೊಮ್ಮೆ ಶತಮಾನದ ಕಾಳಗ ಎಂದು ಹೇಳುವುದು ಅವನಿಗೆ ಸೇರುವುದಿಲ್ಲ. "ಶತಮಾನ ಎಷ್ಟ್ ಲಗೂ ಮುಗಿತಾವ್ರಿ ಅವ್ರ ಕಡೆ." ಪತ್ರಕರ್ತರ ಮುಂದೆ ಒಬ್ಬರ ತಾಯಿಯನ್ನು ಒಬ್ಬರು ಬೈದು ಟಿಕೆಟ್ ಮಾರುವುದನ್ನು ಅವನು ಪ್ರಚಾರವೆಂದೇ ಒಪ್ಪುವುದಿಲ್ಲ. ಚಾಂಪಿಯನ್ ಗಾಯಗೊಂಡು ಮಲಗಿದರೆ ಇನ್ನೊಂದು ಪಟ್ಟ ಹುಟ್ಟಿಸಿ ಇನ್ನೊಬ್ಬನ ಸೊಂಟಕ್ಕೆ ಕಟ್ಟುವ ಪದ್ಧತಿ ಕೆಟ್ಟದ್ದು. ಆದರೆ ಮುಂದಿನ ಪಂದ್ಯದ ಜೋಡಿಗಳನ್ನು ತಿಂಗಳುಗಟ್ಟಲೆ ಮೊದಲೇ ಹೇಳುವುದು ಛಲೋ ಪದ್ಧತಿ. ನಮ್ಮ ದೇಶದ ಸಣ್ಣ ಸಂಘಟಕರ ಬಗ್ಗೆ ಅವನಿಗೆ ಪ್ರೀತಿ ಹೆಚ್ಚು, ಸಿಟ್ಟೂ ಹೆಚ್ಚು. "ಮೊದಲನೇ ಗುದ್ದು ಬೀಳೂದರೊಳಗ ಹದಿನೆಂಟು ಮಂದಿಗೆ ಶಾಲು ಹೊಚ್ಚತಾರ. ಬಡದಾಡಾವ್ರು ಹೊರಗ ಮೈ ಬಿಸಿ ಮಾಡ್ಕೊಂಡು ನಿಂತಾವ್ರು ತಣ್ಣಗಾಗಿ, ಮತ್ತ ಬಿಸಿಯಾಗಿ, ಮತ್ತ ತಣ್ಣಗಾಗತಾರ." ನೆಲದ ಮೇಲೆ ಇಬ್ಬರು ಹೆಣೆದುಕೊಂಡಾಗ ಏನು ನಡೆಯುತ್ತಿದೆ ಎಂದು ಯಾರೂ ಜನರ ಭಾಷೆಯಲ್ಲಿ ಹೇಳುವುದಿಲ್ಲ ಎಂಬುದು ಅವನ ದೊಡ್ಡ ದೂರು.

ಕಳೆದ ವರ್ಷ ಅವನು ಬಯಸಿದ ಪಂದ್ಯ ನಿಜವಾಗಿಯೂ ಬಂತು. ಗಂಗಾವತಿಯಲ್ಲಿ ವ್ಯಾಯಾಮ ಶಾಲೆ ನಡೆಸುವ ಗೋವಿಂದರಾಜ ಜಿಲ್ಲೆಯ ಮೊದಲ ಪಂಜರದ ಕುಸ್ತಿ ಏರ್ಪಡಿಸಿದ. ಹಳೆಯ ಗರಡಿ ಪೈಲ್ವಾನನ ಮೊಮ್ಮಗ, ಕೆಲಸಗಾರ ಮನುಷ್ಯ. ಮುಖ್ಯ ಜೋಡಿ ಕುಷ್ಟಗಿ ಕಡೆಯ ದಾಳಿಂಬೆ ತೋಟದ ಹುಡುಗ ಕೊಟ್ರೇಶ ಮತ್ತು ದಾವಣಗೆರೆಯ ಹಾಲೇಶ. ಪ್ರಚಾರ ಗೌರೀಶಣ್ಣನದು. ಪಂಜರದೊಳಗಿನ ಮೈಕ್ ಕೂಡ ಅವನಿಗೇ ಎಂದು ಗೋವಿಂದರಾಜ ಮಾತು ಕೊಟ್ಟ. ಸುನಿತಕ್ಕ ಮದುವೆಯ ಕೋಟು ಹೊರಗೆ ತೆಗೆದು ಹೊಟ್ಟೆಯ ಹತ್ತಿರ ಬಿಚ್ಚಿ ಹೊಲಿಸಿದಳು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆ ಅವನು ತಿರುಗಿದ. ರಜೆಯಿದ್ದ ದಿನ ನಾನೂ ಹಿಂದಿನ ಸೀಟಿನಲ್ಲಿ ಕುಳಿತು ಹೋದೆ. ಅವನು ಬರೆಸಿಕೊಂಡ ಸಾಲಿನಲ್ಲಿ ಶತಮಾನದ ಮಾತಿರಲಿಲ್ಲ. "ಒಂದೇ ತೂಕದ ಇಬ್ಬರು ಗಂಡುಗಲಿಗಳು, ಒಂದೇ ನಿಯಮ, ಬಂದು ನೋಡಿರಿ" ಎಂದಷ್ಟೇ. ಯಲಬುರ್ಗಾ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ ಆಟೋ ನಿಲ್ಲಿಸಿ, ಪಂಜರದಾಗ ಮಣ್ಣು ಹಾಕ್ತಾರೋ ಇಲ್ಲೋ ಎಂದು ಕೇಳಿದ. ಇಲ್ಲ ಎಂದದ್ದಕ್ಕೆ ಮುಖ ಸಿಂಡರಿಸಿದ, ಆದರೆ ದಿನ ಯಾವುದು ಎಂದು ಎರಡು ಸಲ ಕೇಳಿಕೊಂಡ.

ಪಂದ್ಯದ ಹಿಂದಿನ ದಿನ ತೂಕ. ವ್ಯಾಯಾಮ ಶಾಲೆಗೆ ಒಂದು ಗಿರಣಿಯಿಂದ ತಕ್ಕಡಿ ತಂದಿಟ್ಟಿದ್ದರು. ಹಾಲೇಶ ಮುಂಜಾನೆಯೇ ತೂಗಿಸಿಕೊಂಡ, ಸರಿಯಾಗಿತ್ತು, ಲಾಡ್ಜಿಗೆ ಮಲಗಲು ಹೋದ. ಕೊಟ್ರೇಶ ಬಂದದ್ದು ಮಧ್ಯಾಹ್ನದ ಮೇಲೆ. ತಕ್ಕಡಿ ಹತ್ತಿದಾಗ ಒಪ್ಪಿದ ತೂಕಕ್ಕಿಂತ ಐದು ಕಿಲೋ ಹೆಚ್ಚು. ತಕ್ಕಡಿಯ ಪಕ್ಕ ಗೋವಿಂದರಾಜ, ಗೌರೀಶಣ್ಣ, ನಾನು, ಮೂವರೇ ಇದ್ದೆವು.

ನಮ್ಮ ಕಡೆ ಪೈಲ್ವಾನ ಕುಸ್ತಿಗೆ ಹೊರಟರೆ ಬಂಧುಗಳು ಮನೆಗೆ ಕರೆದು ಉಣ್ಣಿಸಿ ಕಳಿಸುವುದು ರೂಢಿ. ಉಣ್ಣದೆ ಹೊರಟರೆ ಆ ಮನೆಗೆ ಅವಮಾನ. ತೂಕ ಇಳಿಸಲು ಎರಡು ವಾರ ಅರೆಹೊಟ್ಟೆಯಲ್ಲಿದ್ದ ಕೊಟ್ರೇಶನನ್ನು ಊರಲ್ಲಿ ಎರಡು ಮನೆಯವರು, ದಾರಿಯಲ್ಲಿ ತಾವರಗೇರಿಯ ಅತ್ತೆ, ಕೊನೆಗೆ ಇಲ್ಲೇ ಗಂಗಾವತಿಯ ಚಿಕ್ಕಮ್ಮ ಸಜ್ಜಕ, ತುಪ್ಪ, ಹಾಲು ಹಾಕಿ ಕಳಿಸಿದ್ದರು.

"ಬ್ಯಾಡ ಅನಬೇಕಿಲ್ಲೇನಲೇ?" ಎಂದ ಗೋವಿಂದರಾಜ.

"ಅಂದ್ನಣ್ಣಾ. ಅತ್ತಿ ಅಳಾಕ ಕುಂತ್ಳು. ನಂದು ಮದುವಿ ಮಾತುಕತಿ ಬ್ಯಾರೆ ನಡದೈತಿ ಆ ಮನ್ಯಾಗ."

ಗೋವಿಂದರಾಜ ತಲೆ ಕೆರೆದುಕೊಂಡು, ಇದು ಇಲ್ಲಿಗೇ ಇರಲಿ ಎಂದ. ಅವನಿಗೆ ಅದು ಮೋಸವೆಂದು ಅನಿಸಿರಲಿಲ್ಲ. "ನಮ್ಮಜ್ಜಾರು ತಕ್ಕಡಿ ಇಟ್ಟು ಜೋಡಿ ಹಚ್ಚತಿದ್ರೇನು? ಹೆಗಲಿಗೆ ಹೆಗಲು ನಿಂದರಿಸಿ ಕಣ್ಣಿಲೆ ನೋಡತಿದ್ರು. ಇಬ್ಬರೂ ಒಂದ ಎತ್ತರ ಅದಾರ. ಸಾಕು."

"ಅದು ಕುಸ್ತಿ ಮಾತು," ಎಂದ ಗೌರೀಶಣ್ಣ. "ಕುಸ್ತ್ಯಾಗ ಬೆನ್ನು ಮಣ್ಣಿಗೆ ಹತ್ತಿದರ ಆಟ ಮುಗೀತು. ಇಲ್ಲಿ ಬೆನ್ನು ಹತ್ತಿದ ಮ್ಯಾಲ ಶುರುವಾಗೂದು. ಮ್ಯಾಲ ಕುಂತಾವನ ತೂಕ ಅಷ್ಟೂ ಕೆಳಗಿನಾವನ ಮಾರಿ ಮ್ಯಾಲ ಬೀಳತೈತಿ. ಆ ದಾವಣಗೇರಿ ಹುಡುಗಗ ಹೇಳಬೇಕಪಾ."

"ಹೇಳಿದರ ಅವ ಗಂಟು ಕಟ್ಟತಾನ. ನಾಳೆ ಬಂದ ಮಂದಿಗೆ ಏನು ತೋರಸ್ಲಿ, ಬರೇ ಪಂಜರ?"

"ನಾಲ್ಕು ತಾಲೂಕಿಗೆ ಒಂದೇ ತೂಕ ಅಂತ ಒದರಿದ ಬಾಯಿ ಇದು, ಗೋವಿಂದು. ನಾಳೆ ಮುಂಜಾನಿ ಇದ ಬಾಯಿಲೆ ಇಲ್ಲ ಅಂತ ಒದರತೀನಿ."

ಗೋವಿಂದರಾಜ ದನಿ ಏರಿಸಲಿಲ್ಲ. "ಒದರು. ಆದರ ಸಂಜಿಗೆ ಪಂಜರದಾಗ ನೀ ನಿಂದ್ರಂಗಿಲ್ಲ. ಕೊಪ್ಪಳದಿಂದ ಮದುವಿ ನಿರೂಪಣೆ ಮಾಡಾವನ್ನ ಕರಸ್ತೀನಿ."

ಮನೆಗೆ ಬಂದು ಗೌರೀಶಣ್ಣ ಊಟಕ್ಕೆ ಕುಳಿತರೂ ಉಣ್ಣಲಿಲ್ಲ. ಸುನಿತಕ್ಕ ವಿಷಯವನ್ನೆಲ್ಲ ಕೇಳಿದಳು. ಗೂಟಕ್ಕೆ ತೂಗುಹಾಕಿದ ಕೋಟನ್ನು ಒಮ್ಮೆ ನೋಡಿ, "ಆ ದಾವಣಗೇರಿ ಹುಡುಗನ ಅವ್ವ ಮನ್ಯಾಗ ಕುಂತು ಏನು ಅನ್ಕೊಂಡಿರ್ತಾಳ್ರಿ, ಜೋಡಿ ಸರಿ ಐತಿ ಅಂತ ತಾನ?" ಎಂದಳು. ಅವನು ರೊಟ್ಟಿ ಮುರಿದ.

ಬೆಳಿಗ್ಗೆ ನಾನು ಹಿಂದಿನ ಸೀಟಿನಲ್ಲಿದ್ದೆ. ಮೊದಲ ಪ್ರಕಟಣೆ ಹಾಲೇಶ ಇಳಿದಿದ್ದ ಲಾಡ್ಜಿನ ಎದುರಿಗೇ. ಸಂಜೆಯ ಮುಖ್ಯ ಜೋಡಿಯಲ್ಲಿ ಕುಷ್ಟಗಿಯ ಕೊಟ್ರೇಶನ ತೂಕ ಐದು ಕಿಲೋ ಹೆಚ್ಚಾಗಿದೆ, ಒಂದೇ ತೂಕವೆಂದು ತಾನು ಸಾರಿದ್ದು ತಪ್ಪಾಗಿದೆ, ಟಿಕೆಟ್ ಕೊಂಡವರು ತಿಳಿದುಕೊಂಡು ಬರಬೇಕು ಎಂದು, ಸೀರೆಯ ರಿಯಾಯಿತಿ ಸಾರುವ ಅದೇ ನಿಧಾನದಲ್ಲಿ ಹೇಳಿದ. ಎರಡನೆಯ ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದ ಹಾಲೇಶ ಕಟಕಟೆಗೆ ಬಂದ.

"ಏನಣ್ಣ ಅದು? ಇನ್ನೊಂದ್ ಸಲ ಹೇಳು. ಯಾವ ಕೊಟ್ರೇಶ, ನನ್ ಜೋಡಿ ಕೊಟ್ರೇಶನಾ?"

"ನಿನ್ನವನ ಅದಾನಪಾ. ಕೆಳಗ ಬಾ, ಚಾ ಕುಡ್ಯೂಣು."

ಹಾಲೇಶನೂ ಅವನ ಗುರುಗಳೂ ವ್ಯಾಯಾಮ ಶಾಲೆಗೆ ಹೋದರು. ಅಲ್ಲಿ ಒಂದು ತಾಸು ಜೋರು ಮಾತು ನಡೆಯಿತು. ಗುದ್ದಾಟ ಬೇಡ, ಒಬ್ಬ ಸೋಲೊಪ್ಪುವವರೆಗೆ ಬರೀ ಹಿಡಿತದ ಕುಸ್ತಿಯಾದರೆ ಆಡುತ್ತೇನೆ ಎಂದು ಹಾಲೇಶ ಒಪ್ಪಿದ. ಅದನ್ನೂ ಗೌರೀಶಣ್ಣ ಊರೆಲ್ಲ ತಿರುಗಿ ಹೇಳಿ ಬಂದ. ಕೆಲವರು ಟಿಕೆಟ್ ಹಿಂದಿರುಗಿಸಿದರು, ಹೆಚ್ಚಿನವರು ಇಟ್ಟುಕೊಂಡರು. ಕೆಲವರು ಆಟೋ ಅಡ್ಡಗಟ್ಟಿ, ನಿನಗ್ಯಾಕ ಬೇಕಿತ್ತು ಈ ಉಸಾಬರಿ ಎಂದೂ ಬೈದರು.

ಸಂಜೆ ಕುರ್ಚಿಗಳು ಮುಕ್ಕಾಲು ತುಂಬಿದ್ದವು. ಕೊಪ್ಪಳದ ನಿರೂಪಕ ಕೊಟ್ರೇಶನನ್ನು ವರನನ್ನು ಕರೆಯುವ ಹಾಗೆ ಕರೆದ. ಗೌರೀಶಣ್ಣ ಕೋಟು ಹಾಕಿರಲಿಲ್ಲ. ಆರನೇ ಸಾಲಿನಲ್ಲಿ ನನ್ನ ಮತ್ತು ಸುನಿತಕ್ಕನ ನಡುವೆ ಕುಳಿತಿದ್ದ. ಇಬ್ಬರು ಹುಡುಗರೂ ನೆಲಕ್ಕೆ ಬಿದ್ದು ಹೆಣೆದುಕೊಂಡಾಗ ಜನ ಬೇಸರದಿಂದ "ಎಬ್ಬಸ್ರಿ, ಎಬ್ಬಸ್ರಿ" ಎಂದು ಕೂಗತೊಡಗಿದರು. ಹಾಲೇಶ ಕೆಳಗಿದ್ದ. ನಿರೂಪಕನಿಗೆ ಹೇಳಲು ಏನೂ ತೋಚಲಿಲ್ಲ.

ಗೌರೀಶಣ್ಣ ಎದ್ದು ನಿಂತ. "ಎಬ್ಬಸಬ್ಯಾಡ್ರಿ. ಕೆಳಗಿನಾವ ಸೋತಿಲ್ಲ. ಅವನ ಕಾಲು ನೋಡ್ರಿ, ಮ್ಯಾಲಿನಾವನ ಹೆಗಲಿನ ಮ್ಯಾಲ ಏರಾಕ ಹತ್ತ್ಯಾವ. ಕೊಟ್ರೇಶ ಕೈ ಒಳಗ ತಗೀಲಿಲ್ಲಂದ್ರ ಕುತ್ತಿಗಿ ಸಿಗತೈತಿ." ಮೈಕ್ ಇರಲಿಲ್ಲವಾದ್ದರಿಂದ ಸುತ್ತಲಿನ ನಾಲ್ಕೈದು ಸಾಲಿಗಷ್ಟೇ ಕೇಳಿಸಿತು, ಉಳಿದವರು ಕೂಗುತ್ತಲೇ ಇದ್ದರು. ಆದರೆ ಆ ನಾಲ್ಕೈದು ಸಾಲಿನವರು ಕುತ್ತಿಗೆ ಉದ್ದ ಮಾಡಿ ಕಾಲುಗಳನ್ನೇ ನೋಡಿದರು. ಕೊಟ್ರೇಶ ಕೈ ಒಳಗೆಳೆದುಕೊಳ್ಳಲಿಲ್ಲ. ಹಾಲೇಶನ ಕಾಲು ಕುತ್ತಿಗೆಗೆ ಬಿಗಿಯಿತು, ಕೊಟ್ರೇಶ ನೆಲ ತಟ್ಟಿ ಸೋಲೊಪ್ಪಿದ. ನಮ್ಮ ಹುಡುಗ ಸೋತರೂ ಆ ಸಾಲಿನವರು ಚಪ್ಪಾಳೆ ಹೊಡೆದರು.

ಆಮೇಲೆ ಬಹಳ ದಿನ ಗೋವಿಂದರಾಜ ಗೌರೀಶಣ್ಣನ ಜೊತೆ ಮಾತಾಡಲಿಲ್ಲ. ಎದುರು ಬಂದರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ. ಈ ವರ್ಷ ಕೊಪ್ಪಳದಲ್ಲಿ ಎರಡನೆಯ ಪಂದ್ಯ ಇಡಲು ಹೊರಟಾಗ ಬಳ್ಳಾರಿ, ಹುಬ್ಬಳ್ಳಿ, ದಾವಣಗೆರೆಯ ಗುರುಗಳಿಗೆ ಫೋನ್ ಮಾಡಿದ. ದಾವಣಗೆರೆಯವರು ಮೊದಲು ಕೇಳಿದ್ದು, ತೂಕದ ದಿನ ಆ ಆಟೋದವರು ಇರ್ತಾರಾ ಎಂದು. ಹುಬ್ಬಳ್ಳಿಯವರಿಗೂ ಸುದ್ದಿ ಮುಟ್ಟಿತ್ತು. ಆಟೋದವರು ಇದ್ದರೆ ಹುಡುಗರನ್ನು ಕಳಿಸುತ್ತೇವೆ ಎಂದರು. ಆ ಭಾನುವಾರ ಗೋವಿಂದರಾಜ ತಾನೇ ಬೇವಿನ ಮರದ ಕೆಳಗೆ ಬಂದ. ಆಗ ಮೊಬೈಲಿನಲ್ಲಿ ಮೂರನೇ ರೌಂಡ್ ನಡೆದಿತ್ತು.

"ಅಣ್ಣಾ, ಒಂದು ಮಾತಿತ್ತು."

"ಮುಗೀಲಿ ತಡಿಯಪಾ," ಎಂದ ಗೌರೀಶಣ್ಣ, ಸೀಟಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತ.

ಕೊಪ್ಪಳದ ಪಂದ್ಯಕ್ಕೆ ತೂಕವನ್ನು ಬಸ್ ನಿಲ್ದಾಣದ ಪಕ್ಕದ ಬಯಲಿನಲ್ಲಿ ಎಲ್ಲರ ಎದುರಿಗೆ ಮಾಡಿದರು. ಕೊಟ್ರೇಶ ತೂಕಕ್ಕೆ ಮೂರು ದಿನ ಮೊದಲೇ ವ್ಯಾಯಾಮ ಶಾಲೆಗೆ ಬಂದು ಮಲಗಿದ್ದ, ಅತ್ತೆ ಮನೆಗೆ ಪಂದ್ಯ ಮುಗಿದ ಮೇಲೆ ಹೋದ.

ಗೌರೀಶಣ್ಣ ಈಗ ವಾರದ ದಿನಗಳಲ್ಲಿ ಗಂಗಾವತಿಯಲ್ಲಿ ಪ್ರಚಾರದ ಆಟೋ ಓಡಿಸುತ್ತಾನೆ. ಪಂದ್ಯಗಳಿದ್ದಾಗ ಹಿಂದಿನ ದಿನ ಇಬ್ಬರ ತೂಕವನ್ನೂ ಜನರ ಮುಂದೆ ಓದಿ ಹೇಳುತ್ತಾನೆ, ಮರುದಿನ ಪಂಜರದ ನಡುವೆ ನಿಂತು ಅವರ ಹೆಸರು, ಊರು ಕೂಗುತ್ತಾನೆ.