ಸಿಂಹಕ್ಕೆ ಕಟಿಂಗ್

ನನ್ನ ಸೋದರಮಾವನ ಕ್ಷೌರದಂಗಡಿಗೆ ಮೊದಲ ಸಲ ಬಂದವರು ಕುರ್ಚಿಯಲ್ಲಿ ಕೂರುವ ಮುಂಚೆ ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಾಚಣಿಗೆ, ಪೌಡರ್ ಡಬ್ಬಿಗಳ ನಡುವೆ ಒಂದು ಹಸಿರು ಆಮೆ ಕೂತಿರುತ್ತದೆ. ಪಕ್ಕದಲ್ಲಿ ಮೈತುಂಬ ಪಾಚಿ ಹೊದ್ದ ಟಗರು, ಬೇರಿನ ತುಂಡುಗಳೇ ಅದರ ಕೊಂಬು. ಎರಡಕ್ಕೂ ಜೀವವಿದೆ, ದಿನಾ ನೀರು ಬೇಕು. ಗಿರಾಕಿಯ ತಲೆಗೆ ನೀರು ಚಿಮುಕಿಸಿದ ಬಾಟಲಿಯಿಂದಲೇ ಮಾಮ ಆಮೆಗೂ ಎರಡು ಸಲ ಪುಸ್ ಪುಸ್ ಅನ್ನಿಸಿ ಮುಂದಿನವರನ್ನು ಕರೆಯುತ್ತಾನೆ.

ಇವನ್ನೆಲ್ಲ ಮಾಡುವುದು ಮಾಮನೇ. ಮೊದಲು ತಂತಿಯಲ್ಲಿ ಎಲುಬುಗೂಡು ಕಟ್ಟುತ್ತಾನೆ. ಅದರೊಳಗೆ ನಾರು, ಮಣ್ಣು ತುಂಬಿ, ಹಳೆ ಗೋಡೆಗಳಿಂದ ಬಿಡಿಸಿ ತಂದ ಪಾಚಿಯನ್ನು ಹೊದಿಸಿ ದಾರ ಸುತ್ತುತ್ತಾನೆ. ಪಾಚಿ ಕಚ್ಚಿಕೊಂಡ ಮೇಲೆ ದಾರ ಬಿಚ್ಚಿ, ಮೀಸೆ ಕತ್ತರಿಸುವ ಪುಟ್ಟ ಕತ್ತರಿಯಿಂದ ಕೆನ್ನೆ, ಕಿವಿ, ಹೊಟ್ಟೆ ಮೂಡಿಸುತ್ತಾನೆ. ಆ ಹೊತ್ತಿನಲ್ಲಿ ಅವನ ಮುಖ ನೋಡಬೇಕು. ಐವತ್ತು ದಾಟಿದ ಗಂಡಸು ಅಂತ ಯಾರೂ ಹೇಳಲಾರರು.

ಒಂದೇ ತೊಂದರೆ. ಮಾತಿಲ್ಲದೆ ಅವನ ಕತ್ತರಿ ಓಡುವುದಿಲ್ಲ. ಗಿರಾಕಿ ಸುಮ್ಮನಾದರೆ ಕತ್ತರಿಯೂ ಸುಮ್ಮನಾಗುತ್ತದೆ, ಮಾತು ಬಿರುಸಾದರೆ ಕತ್ತರಿಗೂ ಹುರುಪು ಬರುತ್ತದೆ. ಹಾಗಾಗಿ ಬಾಯಿಬಡುಕರೆಲ್ಲ ಕೇಳಿದ್ದಕ್ಕಿಂತ ಚಿಕ್ಕ ಕೂದಲು ಹೊತ್ತು ಮನೆಗೆ ಹೋಗುತ್ತಾರೆ. ಕನ್ನಡಿ ನೋಡಿ ಅವರು ಮುಖ ಸಣ್ಣ ಮಾಡಿಕೊಂಡರೆ ಮಾಮನ ಹತ್ತಿರ ಒಂದೇ ಔಷಧಿ: "ಕೂದಲು ತಾನೇ, ಬೆಳೆಯುತ್ತೆ ಬಿಡಿ."

ಅವನ ಈ ಪ್ರಾಣಿಗಳಿಗೆ ಮನೆಯೊಳಗೆ ಮಾತ್ರ ಪ್ರವೇಶವಿರಲಿಲ್ಲ. ಹಿಂದೊಮ್ಮೆ ಪಾಚಿಯ ಜೊತೆ ಬಂದ ಬಸವನಹುಳು ಅತ್ತೆಯ ಸಕ್ಕರೆ ಡಬ್ಬಿಯಲ್ಲಿ ಸಂಸಾರ ಹೂಡಿತ್ತು. ಅವತ್ತಿನಿಂದ ಅತ್ತೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮಾಮನಿಗೋ ಇದ್ದದ್ದು ಒಂದೇ ಆಸೆ. ಅತ್ತೆ ಬೆಳಗ್ಗೆ ಚಹಾ ಹಿಡಿದು ಕೂರುವ ಕಿಟಕಿಯ ಕಟ್ಟೆ ಮೇಲೆ ತನ್ನ ಕೈಯಿಂದ ಆದದ್ದು ಒಂದಾದರೂ ಇರಬೇಕು, ಅವಳು ಅದನ್ನು ನೋಡಬೇಕು. ಊರಿಗೆಲ್ಲ ತೋರಿಸಿದರೂ ಅವಳು ನೋಡದಿದ್ದರೆ ಏನು ಬಂತು ಅಂತ ನನ್ನ ಹತ್ತಿರ ಗೊಣಗುತ್ತಿದ್ದ.

ಅಷ್ಟರಲ್ಲಿ ಗ್ರಂಥಾಲಯದವರು ತಮ್ಮ ಸಭಾಂಗಣದಲ್ಲಿ ಗಿಡಗಳಿಂದ ಮಾಡಿದ ಕಲಾಕೃತಿಗಳ ಪ್ರದರ್ಶನ ಇಡುತ್ತೇವೆ, ಎರಡು ವಾರ ಇರುತ್ತದೆ, ನೀವೂ ಒಂದು ತನ್ನಿ ಎಂದು ಹೇಳಿ ಕಳಿಸಿದರು. ಅತ್ತೆ ತರಕಾರಿ ಹೆಚ್ಚುತ್ತಲೇ ಅಂದಳು: "ನಾಲ್ಕು ಜನ ನಿಂತು ನೋಡೋ ಥರ ಮಾಡಿ ತೋರಿಸಿ. ಆಮೇಲೆ ಕಿಟಕಿ ಮಾತಾಡೋಣ."

ಅವಳು ಚೇಷ್ಟೆಗೆ ಅಂದದ್ದೋ ಏನೋ, ಮಾಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಿಂಹ ಮಾಡುತ್ತೇನೆಂದು ಹೊರಟ. ಪಾಚಿಯ ಮೈ, ಕಪ್ಪು ಬೀಜದ ಕಣ್ಣು, ಒಣಬಳ್ಳಿಯ ಬಾಲ. ಕತ್ತಿನ ಸುತ್ತ ಎಳೆಹುಲ್ಲಿನ ಬೀಜ ಬಿತ್ತಿದ. ಹುಲ್ಲು ಎದ್ದು, ಬಾಗಿ, ಭುಜದ ಮೇಲೆ ಇಳಿಬಿದ್ದಾಗ, ಬೆಕ್ಕಿನಷ್ಟೂ ಇಲ್ಲದ ಆ ಸಿಂಹ ಎಂಥ ಗತ್ತಿನಿಂದ ಕೂತಿತ್ತು ಗೊತ್ತೆ? ನನಗಂತೂ ಕುಣಿಯುವಷ್ಟು ಖುಷಿಯಾಯಿತು.

ಪ್ರದರ್ಶನ ಶುರುವಾಗಲು ಒಂದೇ ದಿನ ಬಾಕಿ. ಸಿಂಹವನ್ನು ಹೊತ್ತೊಯ್ಯಲು ನಾನು ಅಂಗಡಿಗೆ ಹೋದಾಗ, ಅಡ್ಡಾದಿಡ್ಡಿಯಾಗಿ ಬೆಳೆದ ಒಂದೆರಡು ಎಸಳು ತೆಗೆದುಬಿಡುತ್ತೇನೆಂದು ಮಾಮ ಪುಟ್ಟ ಕತ್ತರಿ ಹಿಡಿದ. ಕಟಿಂಗ್ ಮುಗಿದರೂ ಕುರ್ಚಿ ಬಿಡದ ಬಸ್ ಡ್ರೈವರ್ ಒಬ್ಬರು ಅದೇ ಹೊತ್ತಿಗೆ ಬಾಯಿ ತೆಗೆದರು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋದ ಕಥೆ. ಬಸ್ಸಿನ ತುಂಬ ಜನ, ಎದುರಿಗೆ ತಿರುವು, ತಿರುವಿನಲ್ಲಿ ಲಾರಿ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಬಸ್ಸು ಮರಳಿನ ಗುಡ್ಡೆಗೆ ನುಗ್ಗಿ ನಿಂತಾಗ ನಮ್ಮಿಬ್ಬರಿಗೂ ಹೋದ ಜೀವ ಬಂದಂತಾಯಿತು. ಕತ್ತರಿಯೂ ಆಗಲೇ ನಿಂತದ್ದು.

ಸಿಂಹದ ತಲೆ ನುಣ್ಣಗಾಗಿತ್ತು. ಮಿಲಿಟರಿ ಕಟಿಂಗ್.

ಮಾಮ ಕುಸಿದು ಕೂತ. ಡ್ರೈವರ್ ಮೆಲ್ಲಗೆ ಜಾಗ ಖಾಲಿ ಮಾಡಿದರು. ಸುದ್ದಿ ಕೇಳಿ ಅತ್ತೆ ಬಂದಳು, ಸಿಂಹವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಪ್ರದರ್ಶನಕ್ಕೆ ತನ್ನ ಹೆಸರೇ ಬೇಡ, ಕಿಟಕಿಯೂ ಬೇಡ ಎಂದು ಮಾಮ ಮುಖ ತಿರುಗಿಸಿದ. ಅವನ ಕಣ್ಣಲ್ಲಿ ನೀರಿತ್ತು.

"ಕೂದಲು ತಾನೇ," ಅಂದಳು ಅತ್ತೆ. "ಬೆಳೆಯುತ್ತೆ ಬಿಡಿ."

ಎಷ್ಟೋ ವರ್ಷ ಊರಿಗೆಲ್ಲ ಕುಡಿಸಿದ ಔಷಧಿ ಈಗ ಮಾಮನ ಬಾಯಿಗೇ ಬಂದಿತ್ತು. ಮರುದಿನ ಬೆಳಗ್ಗೆ ಅತ್ತೆಯೇ ಸಿಂಹವನ್ನು ಬುಟ್ಟಿಯಲ್ಲಿಟ್ಟುಕೊಂಡು ಗ್ರಂಥಾಲಯಕ್ಕೆ ಹೊರಟಳು.

ಮೊದಲ ದಿನ ಜನ ಬಿದ್ದು ಬಿದ್ದು ನಕ್ಕರಂತೆ. ನಗುವುದಕ್ಕಾದರೂ ನಿಂತರಲ್ಲ! ಮುಂದೆ ಅತ್ತೆ ದಿನಾ ನೀರು ಹಾಕಲು ಹೋಗುತ್ತಿದ್ದಳು. ನಕ್ಕವರೇ ಮತ್ತೆ ಬಂದರು, ಎಷ್ಟು ಬೆಳೆದಿದೆ ನೋಡಲು. ಮಕ್ಕಳು ಬೆರಳಿಟ್ಟು ಅಳೆದರು. ಮಾಮ ಮಾತ್ರ ಆ ಕಡೆ ಕಾಲಿಡಲಿಲ್ಲ. ಆದರೆ ಕುರ್ಚಿಯಲ್ಲಿ ಕೂತವರೆಲ್ಲ ಅದೇ ಸುದ್ದಿ ತಂದರು. ಇವತ್ತು ಗರಿಕೆಯಷ್ಟಾಗಿದೆ, ಇವತ್ತು ಕಿವಿ ಮುಚ್ಚಿದೆ. ಕೇಳುತ್ತ ಕೇಳುತ್ತ ಮಾಮ ಎಷ್ಟು ಜನರ ತಲೆ ನುಣ್ಣಗೆ ಮಾಡಿದನೋ!

ಕೊನೆಯ ದಿನ ಅತ್ತೆ ಅಂಗಡಿಗೇ ಬಂದು ಅವನನ್ನು ಎಬ್ಬಿಸಿಕೊಂಡು ಹೋದಳು. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಸಿಂಹ, ಮೊದಲಿಗಿಂತ ದಟ್ಟವಾದ ಕೇಸರ, ಹಣೆಯಿಂದ ಜಾರಿ ಕಣ್ಣನ್ನೇ ಮುಚ್ಚಿತ್ತು. ಅತ್ತೆ ಚೀಲದಿಂದ ಪುಟ್ಟ ಕತ್ತರಿ ತೆಗೆದಳು.

"ಕಣ್ಣ ಮೇಲಿಂದಷ್ಟೇ ತೆಗೀರಿ. ಯಾರೂ ಮಾತಾಡಲ್ಲ."

ಅವಳು ತುಟಿಯ ಮೇಲೆ ಬೆರಳಿಟ್ಟು ಸುತ್ತ ನೋಡಿದಳು. ಹಿಂದಿನ ಸಾಲಿನಲ್ಲಿ ಬಸ್ ಡ್ರೈವರ್ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು. ಅಷ್ಟು ಜನರ ನಡುವೆ ಪಿಸುಮಾತೂ ಇಲ್ಲ. ಮಾಮ ಬಾಗಿ ಕತ್ತರಿ ಇಟ್ಟ, ಮೊದಲ ಸಲ ಅದು ಮಾತಿಲ್ಲದೆಯೂ ಮೆಲ್ಲಗೆ ಓಡಿತು. ಒಂದು ಎಸಳು, ಇನ್ನೊಂದು, ಮತ್ತೊಂದು. ಕಪ್ಪು ಕಣ್ಣುಗಳು ಕಾಣಿಸಿದವು. ಕತ್ತರಿ ಕೆಳಗಿಟ್ಟ. ಜನ ಚಪ್ಪಾಳೆ ತಟ್ಟಿದರು, ನಾನು ಎಲ್ಲರಿಗಿಂತ ಜೋರಾಗಿ.

ಬಾಗಿಲು ಹಾಕುವ ಹೊತ್ತಿಗೆ ಅತ್ತೆ ಸಿಂಹವನ್ನು ಎತ್ತಿಕೊಂಡು ಹೊರಗೆ ಬಂದು ಎಡಕ್ಕೆ ತಿರುಗಿದಳು. ಅಂಗಡಿ ಬಲಕ್ಕಲ್ಲವೇ ಎಂದು ಮಾಮ ಹಿಂದಿನಿಂದ ಮೆಲ್ಲಗೆ ಕೇಳಿದ.

"ಸಕ್ಕರೆ ಡಬ್ಬಿ ಮೇಲಿನ ಹಲಗೆಗೆ ಎತ್ತಿಟ್ಟು ಬಂದಿದೀನಿ," ಅಂದಳು ಅತ್ತೆ. "ನಡೀರಿ ಮನೆಗೆ."